ಗುಲಗಂಜಿ ಉರುಳಿದ ಬೆಳಗು

ಇರುವೆಗೂಡಿನ ಮೇಸ್ತ್ರಿ ಗೊದ್ದಪ್ಪನಿಗೆ ತಾನು ಕಟ್ಟಿದ ಗೂಡಿನ ಮೇಲೆ ಬಲು ಹೆಮ್ಮೆ. ದಿನಾ ಬೆಳಗ್ಗೆ ಪರೀಕ್ಷಕರು ಅದೇ ಸರದಿಯಲ್ಲಿ, ಒಬ್ಬರ ಹಿಂದೊಬ್ಬರು ಹೋಗಿ ಎಲ್ಲವನ್ನೂ ತಳ್ಳಿ ನೋಡಿ "ಗಟ್ಟಿ" ಎಂದು ಒಪ್ಪಿಸುತ್ತಿದ್ದರು.

ಮಳೆಗಾಲಕ್ಕೆ ಇನ್ನೆರಡು ದಿನವಿರುವಾಗ ಗುಲಗಂಜಿಯೊಂದು ಗೂಡಿನ ಬಾಯಿಗೆ ಉರುಳಿ ಬಂತು.

"ಮೇಸ್ತ್ರಿಗಳೇ, ದಿನಾ ಅದೇ ಸರದಿಯಾದರೆ ದಿನಾ ಕಂಡದ್ದೇ ಕಾಣುತ್ತದೆ. ಕಣಜ ನೋಡುವವರು ಒಂದು ಗುಂಪಾಗಲಿ, ಮೊಟ್ಟೆಕೋಣೆ ನೋಡುವವರು ಒಂದು ಗುಂಪಾಗಲಿ. ಪ್ರತಿ ಗುಂಪಿನ ನಡುವೆಯೂ ನನ್ನನ್ನು ಉರುಳಿಸಿ. ನಾನು ಯಾರ ಮುಂದೆ ನಿಂತೆನೋ ಅವರೇ ಮೊದಲು ಹೋಗಲಿ."

"ತಳ್ಳಿದತ್ತ ಉರುಳುವ ನೀನು ನಮಗೆ ಬುದ್ಧಿ ಹೇಳುವೆಯಾ?" ಎಂದು ನಕ್ಕರೂ ಗೊದ್ದಪ್ಪ ಮೊಟ್ಟೆಕೋಣೆಯವರ ನಡುವೆ ಒಮ್ಮೆ ಉರುಳಿಸಿ ನೋಡಿದ.

ಗುಲಗಂಜಿ ಮೊಟ್ಟೆಕೋಣೆಯ ಬಾಗಿಲು ನೋಡುವ ಕೆಂಚಿಯ ಮುಂದೆ ನಿಂತಿತು. ಸದಾ ಕೊನೆಗೆ ಹೋಗುತ್ತಿದ್ದವಳು ಅಂದು ಮೊದಲು ಹೋಗಿ ಒಳಗಿನಿಂದ ತಳ್ಳಿದಳು. ಮಣ್ಣಿನ ಬಾಗಿಲು ದೊಪ್ಪನೆ ಹೊರಗೆ ಬಿತ್ತು.

"ನಿನ್ನೆಯವರೆಗೂ ಗಟ್ಟಿಯಾಗಿತ್ತಲ್ಲ!" ಎಂದು ಗೊದ್ದಪ್ಪ ಬೆಚ್ಚಿದ.

ಅದೇ ಕೋಣೆಯ ಕಂಬ ನೋಡುವ ದುಗ್ಗ ತಲೆ ತಗ್ಗಿಸಿದ. "ದಿನಾ ಕೆಂಚಿಗಿಂತ ಮೊದಲೇ ಕಂಬದ ಕೆಲಸ ಮುಗಿಸಿ ನಾನು ಹೊರಗೆ ಅದೇ ಬಾಗಿಲಿಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದೆ, ಮೇಸ್ತ್ರಿಗಳೇ."

ಗೊದ್ದಪ್ಪ ಗುಲಗಂಜಿಗೆ ಕೈಮುಗಿದ. "ತಾಯೀ, ಇಷ್ಟು ದಿನ ನಾವು ಗಟ್ಟಿ ಎಂದದ್ದು ಬಾಗಿಲನ್ನಲ್ಲ, ದುಗ್ಗನ ಬೆನ್ನನ್ನು."