ಕುಲಪತಿಗಳ ಪ್ರಬಂಧಕ್ಕೆ ಓದುಗರು ಬಂದದ್ದು

ಆ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ಸಂಶೋಧನೆಯ ರ‍್ಯಾಂಕಿಂಗಿನಲ್ಲಿ ಕಟ್ಟಕಡೆಗೆ ಬಿದ್ದಿತ್ತು. ನಿಮ್ಮ ಬರಹವನ್ನು ಬೇರೆ ಲೇಖನಗಳು ಎಷ್ಟು ಸಲ ಉಲ್ಲೇಖಿಸಿವೆ ಎಂಬುದೇ ಅಲ್ಲಿನ ಅಳತೆ.

ಅದೇ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಕುಲಪತಿಗಳು ವಿಭಾಗದ ಟೈಪಿಸ್ಟ್ ನೀಲವ್ವನನ್ನು ಕರೆದರು. "ಇನ್ಮೇಲೆ ನಮ್ಮ ಪ್ರಾಧ್ಯಾಪಕರ ಯಾವ ಲೇಖನ ಹೊರಗೆ ಹೋದರೂ ಕೊನೆಯಲ್ಲಿ ನಮ್ಮವರ ಬರಹಗಳ ಹೆಸರಿರಬೇಕು. ಸಂಬಂಧ ಇರಲಿ ಬಿಡಲಿ, ಸೇರಿಸು. ಆಗಲ್ಲ ಅಂದ್ರೆ ಬೇರೆ ಟೈಪಿಸ್ಟ್ ಬರ್ತಾಳೆ."

"ಆತ್ರಿ ಸರ್. ಹಿರಿಯರಿಂದನ ಸುರು ಮಾಡ್ತೀನಿ," ಎಂದಳು ನೀಲವ್ವ.

ಕುಲಪತಿಗಳು ಬೇಡ ಎನ್ನಲಿಲ್ಲ.

ಹತ್ತಿ ಬೆಲೆಯ ಲೇಖನವಿರಲಿ, ಮೀನು ಮಾರಾಟದ್ದಿರಲಿ, ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿದ್ದ ಕುಲಪತಿಗಳ ಪಿಎಚ್.ಡಿ. ಪ್ರಬಂಧವೇ ಎಲ್ಲಕ್ಕೂ ಆಧಾರವಾಯಿತು. ರ‍್ಯಾಂಕ್ ಏರಿತು. ಅವರಿಗೆ ಸನ್ಮಾನವೂ ಆಯಿತು.

ಸನ್ಮಾನದ ಹಾರ ಬಾಡುವ ಮೊದಲೇ ಕುಲಪತಿಗಳು ಬೆವರೊರೆಸಿಕೊಳ್ಳುತ್ತ ಬಂದರು.

"ನೀಲವ್ವಾ, ನನ್ನ ಹೆಸರು ತೆಗೆದುಬಿಡು! ಅದನ್ನ ನೋಡಿ ದಿಲ್ಲಿ, ಪುಣೆಯ ವಿದ್ವಾಂಸರು ಪ್ರಬಂಧದ ಪ್ರತಿ ಕೇಳ್ತಿದ್ದಾರೆ."

"ಕಳಸೂಣಲ್ರಿ ಸರ್. ಗ್ರಂಥಾಲಯದಾಗ ಐತಿ."

"ಕಳಿಸಿದ್ರೆ ಓದಿಬಿಡ್ತಾರಲ್ಲಮ್ಮ!"

ನೀಲವ್ವನ ಬೆರಳುಗಳು ಕೀಲಿಗಳ ಮೇಲೆ ನಿಂತವು. ಅವರ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಮತ್ತ ಅದನ್ನ ಬರದದ್ದು ಯಾತಕ್ರಿ ಸರ್?"