ದಳವಾಯಿ ಕೆರೆ ಉಳಲು ಹೋದದ್ದು

ಎಲಚಿಗುಡ್ಡದ ದಳವಾಯಿ ವೀರರಸನಿಗೆ ಕತ್ತಿ ಬೀಸಲು ಬರುತ್ತಿತ್ತು, ಕುದುರೆ ಏರಲು ಬರುತ್ತಿತ್ತು, ನೇಗಿಲು ಹಿಡಿಯಲು ಮಾತ್ರ ಬರುತ್ತಿರಲಿಲ್ಲ. ಬಾರದ ವಿದ್ಯೆಯ ಬಗ್ಗೆಯೇ ಮಾತು ಜಾಸ್ತಿ ಅಲ್ಲವೇ, ಒಂದು ದಿನ ಪಾಳೆಯಗಾರ ಹಾಲಪ್ಪ ನಾಯಕನ ಓಲಗದಲ್ಲಿ ಮೀಸೆ ತಿರುವುತ್ತ ಎದ್ದುನಿಂತ.

"ಮಹಾಸ್ವಾಮಿ, ದೊಡ್ಡಮ್ಮನ ಕೆರೆಯ ತಳದಲ್ಲಿ ಚಿನ್ನದಂಥ ಮಣ್ಣಿದೆ. ನೀರು ಹೊರಗೆ ಬಿಟ್ಟು, ಏರಿ ಒಡೆದುಹಾಕಿ. ಆನೆ ಹೊಕ್ಕರೆ ಕಾಣಬಾರದು, ಅಂಥ ಭತ್ತ ಬೆಳೆದು ತೋರಿಸುತ್ತೇನೆ. ನೆಲ ನನಗೆ ಉಂಬಳಿಯಾಗಲಿ, ಬೆಳೆಯಲ್ಲಿ ಅರ್ಧ ಅರಮನೆಗೆ."

ಆ ಕೆರೆ ಕಟ್ಟಿಸಿದವಳು ನಾಯಕನ ಸ್ವಂತ ಅಜ್ಜಿ. ಏರಿಯ ಕೆಳಗೆ ನಾಲ್ಕು ಊರು ಅದರ ನೀರಿನಲ್ಲೇ ಉಣ್ಣುತ್ತಿದ್ದವು. ಆದರೆ ಅರ್ಧ ಬೆಳೆ ಎಂಬ ಮಾತು ಕೇಳಿದ ಮೇಲೆ ನಾಯಕನಿಗೆ ಅಜ್ಜಿಯೂ ನೆನಪಾಗಲಿಲ್ಲ, ಊರುಗಳೂ ನೆನಪಾಗಲಿಲ್ಲ. ನೀರಗಂಟಿ ಕಾಟಯ್ಯನನ್ನು ಕರೆಸಿ, ತೂಬು ಎತ್ತಿ ಕೆರೆ ಬರಿದು ಮಾಡು ಎಂದ.

ತೂಬು ಎತ್ತುವುದು, ಇಳಿಸುವುದು, ಗದ್ದೆಗದ್ದೆಗೆ ನೀರು ಹಂಚುವುದು ಕಾಟಯ್ಯನ ಮನೆತನದ ಕೆಲಸ. ಏರಿ ಒಡೆದ ಮಾರನೆಯ ವರ್ಷವೇ ನಾಲ್ಕು ಊರೂ ಗುಳೆ ಹೊರಡಬೇಕೆಂದು ಅವನಿಗೆ ಗೊತ್ತು. ಆಗದು ಎಂದರೆ ತನ್ನ ತಲೆ ಹೋಗುತ್ತದೆಂದೂ ಗೊತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡು ಕೈಮುಗಿದ.

"ಭಾಳ ಒಳ್ಳೆ ಯೋಚನೆ ಬುದ್ಧಿ. ನಾಳೆನೇ ತೂಬು ಎತ್ತೀನಿ. ಆದ್ರೆ ಕೆರೆ ಬತ್ತಿದಾಗ ಹೂಳು ಹೊಡ್ಕೊಳೋದು ಒಕ್ಕಲಿನ ಹಕ್ಕು. ತಮ್ಮ ಅಜ್ಜಮ್ಮಾರ ಕಾಲದಿಂದ ನಡ್ಕೊಂಡು ಬಂದದೆ. ಈ ಸಲಾನೂ ನಡೀಬೋದಾ?"

ನಾಯಕ ದಳವಾಯಿಯ ಮುಖ ನೋಡಿದ. ದಳವಾಯಿಯ ಲೆಕ್ಕದಲ್ಲಿ ಹೂಳೆಂದರೆ ಕುದುರೆಯ ಕಾಲಿಗೆ ಮೆತ್ತುವ ಕೆಸರು, ಅಷ್ಟೇ.

"ಹೊತ್ತುಕೊಂಡು ಹೋಗಲಿ ಬಿಡಿ ಮಹಾಸ್ವಾಮಿ. ನನ್ನ ಗದ್ದೆ ಪುಕ್ಕಟೆಯಾಗಿ ಚೊಕ್ಕಟವಾಗುತ್ತದೆ."

"ಎಷ್ಟು ಬೇಕಾದ್ರೂ ಹೊಡೀಬೋದಾ ಬುದ್ಧಿ?" ಎಂದು ಕಾಟಯ್ಯ ಇನ್ನಷ್ಟು ಬಗ್ಗಿದ.

"ಒಂದು ಬೊಗಸೆಯನ್ನೂ ಬಿಡಬೇಡಿ ಅಂತ ಹೇಳು," ಎಂದ ದಳವಾಯಿ. ನಾಯಕ ತುಂಬಿದ ಓಲಗದಲ್ಲಿ ಹಾಗೇ ಆಗಲಿ ಎಂದು ಅಪ್ಪಣೆ ಕೊಟ್ಟ. ಜೋಯಿಸರು ಉಳುಮೆಗೆ ದಿನ ನೋಡಿದರು. ಅಂದು ನಾಯಕ ಮೊದಲ ಸಾಲು ಹೊಡೆಯುವುದು, ಹೊಡೆದ ಕೂಡಲೇ ಏರಿ ಒಡೆಯುವುದು ಎಂದು ತೀರ್ಮಾನವಾಯಿತು.

ಕಾಟಯ್ಯ ತೂಬು ಎತ್ತಿದ. ನೀರು ಇಳಿದಂತೆಲ್ಲ ಮನೆಮನೆಯಲ್ಲೂ ಮೀನಿನ ಸಾರು ಕುದಿಯಿತು, ಉಂಡವರ ಬಾಯಿಗೆ ಮಾತ್ರ ರುಚಿ ಹತ್ತಲಿಲ್ಲ. ನಿನ್ನ ಕೈಗೆ ಹುಳ ಬೀಳ ಎಂದು ಹೆಂಗಸರು ಕಾಟಯ್ಯನಿಗೆ ಹಿಡಿಶಾಪ ಹಾಕಿದರು. ಅವನು ಅದನ್ನೆಲ್ಲ ನುಂಗಿಕೊಂಡು ನಾಲ್ಕು ಊರೂ ಸುತ್ತಿದ. ಹೋದಲ್ಲೆಲ್ಲ ಹೇಳಿದ್ದು ಒಂದೇ ಮಾತು.

"ಅಳೋದು ಆಮೇಲೆ ಅಳಿವ್ರಂತೆ. ಈಗ ಗಾಡಿ ಕಟ್ಟಿ. ತಳದ ಗರಸುಕಲ್ಲು ಕಾಣೋಗಂಟ ಗುದ್ದಲಿ ಕೆಳಗಿಡಬೇಡಿ."

ಗಾಡಿಗಳು ಕೆರೆಗೆ ಇಳಿದವು. ಗಾಡಿ ಇಲ್ಲದವರು ಕತ್ತೆ ತಂದರು, ಕತ್ತೆ ಇಲ್ಲದವರು ಮಂಕರಿ ಹೊತ್ತರು. ಮೂವತ್ತು ವರ್ಷ ಮಳೆನೀರು ಹೊತ್ತು ತಂದಿದ್ದ ಕಪ್ಪು ಹೂಳು ಏರಿ ದಾಟಿ ಕೆಳಗಿನ ಗದ್ದೆಗಳಿಗೆ ಬಿತ್ತು. ನಡುವೆ ಒಮ್ಮೆ ದಳವಾಯಿ ಕುದುರೆಯ ಮೇಲೆ ಬಂದು ನೋಡಿದ. ಕೂಲಿ ಕೇಳದೆ ತನ್ನ ಗದ್ದೆ ಹಸನು ಮಾಡುತ್ತಿರುವ ಈ ಜನರ ಮೇಲೆ ಅವನಿಗೆ ಪ್ರೀತಿ ಉಕ್ಕಿ ಬಂತು. ಪಾಪ, ಬಿಸಿಲಲ್ಲಿ ದುಡಿಯುತ್ತಾರೆಂದು ಮನೆಯಿಂದ ಎರಡು ಹಂಡೆ ಮಜ್ಜಿಗೆ ಕಳಿಸಿದ. ಕಾಟಯ್ಯನೂ ಎರಡು ಲೋಟ ಕುಡಿದ.

ಉಳುಮೆಯ ದಿನ ಬಂತು. ಎತ್ತುಗಳ ಕೊಂಬಿಗೆ ಹೂವು, ಏರಿಯ ಮೇಲೆ ಹಾರೆ ಹಿಡಿದ ಆಳುಗಳು. ತೂಬಿನ ಬಳಿ ನಿಂತ ಕಾಟಯ್ಯ ಆ ಹಾರೆಗಳನ್ನೇ ನೋಡುತ್ತಿದ್ದ. ವಾಲಗ ಮೊಳಗುತ್ತಿದ್ದಂತೆ ನಾಯಕ ನೇಗಿಲು ಊರಿದ.

ಖಣ್ ಎಂದಿತು. ನಾಯಕ ನಾಲ್ಕು ಹೆಜ್ಜೆ ಸರಿದು ಊರಿದ. ಅಲ್ಲೂ ಖಣ್ ಎಂದಿತು. ಮೂರನೆಯ ಸಲ ನೇಗಿಲ ಗುಳದ ತುದಿಯೇ ಮುರಿದುಬಿತ್ತು. ಕಣ್ಣು ಹಾಯಿಸಿದಷ್ಟು ದೂರವೂ ಬಿಳಿ ಗರಸು, ಕಲ್ಲು. ಎತ್ತುಗಳು ಕೂಡ ಇದೆಂಥ ಹುಚ್ಚು ಎನ್ನುವ ಹಾಗೆ ತಿರುಗಿ ನೋಡಿದವು.

"ದಳವಾಯಿಗಳೇ, ಎಲ್ಲಿ ನಿಮ್ಮ ಚಿನ್ನದಂಥ ಮಣ್ಣು?" ಎಂದ ನಾಯಕ.

ದಳವಾಯಿಯ ಮೀಸೆ ಜೋತುಬಿದ್ದಿತ್ತು. ಈ ನೀರಗಂಟಿ ಮಣ್ಣನ್ನೆಲ್ಲ ಕದ್ದು ಸಾಗಿಸಿದ್ದಾನೆಂದು ಬೆರಳು ಮಾಡಿ ತೋರಿಸಿದ.

"ಕದೀಲಿಲ್ಲ ಬುದ್ಧಿ," ಎಂದ ಕಾಟಯ್ಯ. "ಒಂದು ಬೊಗಸೆನೂ ಬಿಡಬೇಡಿ ಅಂತ ಅಪ್ಪಣೆ ಆಗಿತ್ತು, ಬಿಡಲಿಲ್ಲ. ದಳವಾಯಿಗೋಳು ಹೇಳಿದ್ದೂ ಸುಳ್ಳಲ್ಲ. ಚಿನ್ನದಂಥ ಮಣ್ಣೇಯ. ಈಗ ನಾಕೂರ ಗದ್ದೇಲಿ ಬಿದ್ದದೆ. ಅಲ್ಲಿ ಬೆಳೆ ಇಮ್ಮಡಿ ಆದ್ರೆ ಅರಮನೆ ಪಾಲೂ ಇಮ್ಮಡಿ ಆಯ್ತದೆ."

"ಅದಿರಲಿ. ಇಲ್ಲಿ ಇನ್ನೇನು ಬೆಳೆಯುತ್ತದೆ?" ನಾಯಕನ ದನಿ ಗಡುಸಾಗಿತ್ತು. ಏರಿಯ ಮೇಲಿನ ಆಳುಗಳು ಹಾರೆ ಎತ್ತಿ ಹಿಡಿದು ಸನ್ನೆಗೆ ಕಾಯುತ್ತಿದ್ದರು. ಕಾಟಯ್ಯ ಮತ್ತೆ ಕೈಮುಗಿದ.

"ಈ ನೆಲಕ್ಕೆ ಒಂದೇ ಬೆಳೆ ಒಗ್ಗೋದು ಬುದ್ಧಿ."

"ಯಾವುದು?"

"ನೀರು. ಉಳಂಗಿಲ್ಲ, ಬಿತ್ತಂಗಿಲ್ಲ, ಕಳೆ ಕೀಳಂಗಿಲ್ಲ. ಏರಿ ಒಂದು ಗಟ್ಟಿಯಾಗಿದ್ರೆ ಸಾಕು. ಹೂಳು ಹೋಗಿರೋದ್ರಿಂದ ಈ ಸಲ ಒಂದಾಳುದ್ದ ಜಾಸ್ತಿನೇ ಬೆಳೀತದೆ."

ನಾಯಕ ಅವನನ್ನೇ ದಿಟ್ಟಿಸಿದ. ಬರಿದಾದ ಕೆರೆಯನ್ನು ನೋಡಿದ, ಏರಿಯಾಚೆ ಕರ್ರಗೆ ಹರಡಿದ್ದ ಗದ್ದೆಗಳನ್ನು ನೋಡಿದ. ಆಮೇಲೆ ರುಮಾಲು ಜಾರುವ ಹಾಗೆ ನಗತೊಡಗಿದ. ಹಾರೆ ಹಿಡಿದವರನ್ನು ಕೆಳಗಿಳಿಸಿದ. ತೂಬಿನ ಕೆಳಗೆ ಎರಡು ಗದ್ದೆ ಕಾಟಯ್ಯನ ಹೆಸರಿಗೆ ಬರೆಸಿ, ಈಗಲೇ ತೂಬು ಇಳಿಸಿಬಿಡು ಎಂದ.

ದಳವಾಯಿ ಮೆಲ್ಲಗೆ ಹತ್ತಿರ ಬಂದು, ತನ್ನ ಉಂಬಳಿಯ ಗತಿಯೇನು ಎಂದು ಕೇಳಿದ.

"ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು. ನೆಲ ನಿಮ್ಮದೇ, ಧಾರಾಳವಾಗಿ ಉತ್ತುಕೊಳ್ಳಿ," ಎಂದ ನಾಯಕ ಕಣ್ಣೊರೆಸಿಕೊಳ್ಳುತ್ತ. "ಮಳೆ ಹಿಡಿಯಲಿ, ಎತ್ತಿನ ಬದಲು ಒಂದು ಹರಿಗೋಲು ಕೊಡಿಸುತ್ತೇನೆ."