ಗೀರುಬಿದ್ದ ಸಿ.ಡಿ.ಯನ್ನು ಓದಿದ ಡ್ರೈವ್

ಗದಗಿನ ಸಂಗೀತ ಶಾಲೆಯೊಂದರ ಕಂಪ್ಯೂಟರಿನಲ್ಲಿ ಹಳೆಯ ಸಿ.ಡಿ. ಡ್ರೈವ್ ಒಂದಿತ್ತು. ಒಂದು ಕಾಲಕ್ಕೆ ಆ ಶಾಲೆಗೆ ಹಾಡು, ಚಿತ್ರ, ವಿಡಿಯೊ ಎಲ್ಲವೂ ಬರುತ್ತಿದ್ದುದು ಅದರ ಮೂಲಕವೇ. ಇಂಟರ್ನೆಟ್ ಕೇಬಲ್ ಬಂದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ.

"ಯಜಮಾನರೇ, ಲೋಕದ ಹಾಡನ್ನೆಲ್ಲ ನಾನು ಕ್ಷಣದಲ್ಲಿ ತರುತ್ತೇನೆ. ನಿಮಗಿನ್ನು ಇಲ್ಲೇನು ಕೆಲಸ?" ಎಂದು ಕೇಬಲ್ ಅಣಕಿಸುತ್ತಿತ್ತು.

ಒಂದು ದಿನ ಶಿಕ್ಷಕಿ ಇಂದುಬಾಯಿಯವರು ತೀರಿಹೋದ ತಮ್ಮ ಗುರುಗಳ ಪಾಠದ ವಿಡಿಯೊ ಒಂದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರು. ಕೇಬಲ್ ಲೋಕವೆಲ್ಲ ಸುತ್ತಿ ಬರಿಗೈಯಲ್ಲಿ ಮರಳಿತು. ಆ ಪಾಠವಿದ್ದುದು ಇಂದುಬಾಯಿಯವರ ಪೆಟ್ಟಿಗೆಯಲ್ಲಿದ್ದ ಗೀರುಬಿದ್ದ ಸಿ.ಡಿ.ಯೊಂದರಲ್ಲಿ ಮಾತ್ರ. ಅದನ್ನು ತಂದು ಡ್ರೈವಿಗೆ ಹಾಕಿದರು.

ಗೀರಿನ ಬಳಿ ಬಂದಾಗ ಓದು ನಿಂತುಹೋಯಿತು.

"ಬಿಟ್ಟುಬಿಡಿ, ಇದು ನಿಮ್ಮ ಕೈಲಾಗದು," ಎಂದಿತು ಕೇಬಲ್.

"ತಡವಾದರೆ ಆಗಲಿ, ಗುರುಗಳ ಒಂದು ಸ್ವರವನ್ನೂ ಬಿಡಲಾರೆ," ಎಂದು ಡ್ರೈವ್ ವೇಗ ತಗ್ಗಿಸಿ ಅದೇ ಜಾಗವನ್ನು ಮತ್ತೆ ಮತ್ತೆ ಓದಿತು. ಹತ್ತನೆಯ ಸಲ ಗೀರು ದಾಟಿತು. ಪರದೆಯ ಮೇಲೆ ಗುರುಗಳು ಕಾಣಿಸಿಕೊಂಡು ಹಾಡತೊಡಗಿದರು.

"ಎದುರಿಗೇ ಬಂದು ಕುಂತಂಗ ಐತಲ್ರೀ!" ಎಂದು ಇಂದುಬಾಯಿ ಎದ್ದುನಿಂತು ಕೈಮುಗಿದರು.

ಆಮೇಲೆ ಪಾಠವನ್ನು ದೇಶದಲ್ಲಿರುವ ಗುರುಗಳ ಶಿಷ್ಯರಿಗೆಲ್ಲ ತಲುಪಿಸುವ ಕೆಲಸ ಕೇಬಲ್ಲಿನ ಪಾಲಿಗೆ ಬಂತು. ಅದು ದನಿ ತಗ್ಗಿಸಿ ಕೇಳಿತು: "ಯಾರು ಕೊಟ್ಟರೆಂದು ಹೇಳಲಿ?"

"ಗುರುಗಳ ಹೆಸರು ಹೇಳು," ಎಂದಿತು ಡ್ರೈವ್. "ಓದಿದ್ದು ನಾನೆಂದು ನನಗೆ ಗೊತ್ತಿದೆ, ಅಷ್ಟು ಸಾಕು."